ನೇಪಾಳ ಮತ್ತು ಭಾರತ: ಆರ್ಥಿಕ ಅವಲಂಬನೆಯ ರಾಜಕೀಯ – ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳದ ಗಡಿ, ದಿಗ್ಬಂಧನ, ರೂಪಾಯಿ, ಎಣ್ಣೆ, ವಿದ್ಯುತ್ ಬಗ್ಗೆ ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬೇಕಾದ ಉತ್ತರವನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲು ತಿಳಿಯಬೇಕಾದದ್ದು

ನೇಪಾಳ ಸ್ವತಂತ್ರ ದೇಶ ತಾನೇ? ಮತ್ತೆ ಎಲ್ಲದಕ್ಕೂ ಭಾರತದ ಕಡೆ ಯಾಕೆ ನೋಡಬೇಕು?

ಭೂಪಟ ತೆಗೆದು ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಪೂರ್ವ, ಪಶ್ಚಿಮ, ದಕ್ಷಿಣ ಮೂರೂ ಕಡೆ ಭಾರತ, ಉತ್ತರಕ್ಕೆ ಹಿಮಾಲಯ. ಸಮುದ್ರ ಇಲ್ಲ. ಗಡಿಯ ಬೀರ್‌ಗಂಜ್‌ನಿಂದ ಕೋಲ್ಕತ್ತಾ ಬಂದರಿಗೆ ಸುಮಾರು 700 ಕಿ.ಮೀ. ಚೀನಾದ ತಿಯಾಂಜಿನ್ ಬಂದರಾದರೆ 3,000 ಕಿ.ಮೀ. ದಾಟುತ್ತದೆ, ಅದೂ ಟಿಬೆಟ್ ಹತ್ತಿ ಇಳಿದು. ನೇಪಾಳದ ಒಟ್ಟು ವಿದೇಶಿ ವ್ಯಾಪಾರದಲ್ಲಿ ಭಾರತದ ಪಾಲು ಶೇ 60ರ ಮೇಲೆಯೇ ಇರುತ್ತದೆ. ಬೇರೆ ದೇಶಗಳಿಂದ ಕೊಂಡ ಸರಕಿನಲ್ಲೂ ಬಹುಪಾಲು ಭಾರತದ ನೆಲದ ಮೇಲೇ ಹಾದು ಬರುತ್ತದೆ.

ಆದರೆ ಯಾರಿಂದ ಎಷ್ಟು ಕೊಳ್ಳುತ್ತಾರೆ ಅನ್ನುವುದು ಅವಲಂಬನೆಯ ಅಳತೆ ಅಲ್ಲ. ಕೊಡುವವನು ಇಲ್ಲ ಅಂದ ದಿನ ಬೇರೆ ದಾರಿಗೆ ಎಷ್ಟು ಖರ್ಚು, ಎಷ್ಟು ದಿನ ಅನ್ನುವುದೇ ಅಳತೆ. ಕೆನಡಾ ಕೂಡ ಅಮೆರಿಕವನ್ನು ನೆಚ್ಚಿಕೊಂಡಿದೆ, ಆದರೆ ಅದಕ್ಕೆ ಎರಡು ಸಾಗರಗಳಲ್ಲಿ ಸ್ವಂತ ಬಂದರುಗಳಿವೆ.

ಕೋಲ್ಕತ್ತಾದಲ್ಲಿ ಇಳಿದ ಕಂಟೇನರ್ ನೇಪಾಳಕ್ಕೆ ಹೇಗೆ ಹೋಗುತ್ತೆ? ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಹಡಗು ಕೋಲ್ಕತ್ತಾ ಅಥವಾ ಹಲ್ದಿಯಾಕ್ಕೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ವಿಶಾಖಪಟ್ಟಣವೂ ಸೇರಿದೆ, ಅಲ್ಲಿಂದ ಬೀರ್‌ಗಂಜ್‌ಗೆ ಸುಮಾರು 1,400 ಕಿ.ಮೀ. ಆಮದುದಾರನ ಏಜೆಂಟ್ ಸಾಗಣೆ ಘೋಷಣಾ ಪತ್ರ ಸಲ್ಲಿಸಬೇಕು. ಸರಕು ದಾರಿಯಲ್ಲೇ ಭಾರತದ ಮಾರುಕಟ್ಟೆಗೆ ಜಾರಿಬಿಟ್ಟರೆ ಭಾರತಕ್ಕೆ ತಪ್ಪುವ ಸುಂಕ ಎಷ್ಟೋ ಅಷ್ಟು ಮೊತ್ತದ ವಿಮೆಯನ್ನೂ ತೋರಿಸಬೇಕು. ಆಮೇಲೆ ಕಂಟೇನರ್‌ಗೆ ಎಲೆಕ್ಟ್ರಾನಿಕ್ ಸೀಲ್ ಬೀಳುತ್ತದೆ. ರೈಲಿನಲ್ಲಾದರೆ ಬೀರ್‌ಗಂಜ್ ಪಕ್ಕದ ಸಿರ್ಸಿಯಾ ಒಣಬಂದರು, ಲಾರಿಯಲ್ಲಾದರೆ ರಕ್ಸೌಲ್–ಬೀರ್‌ಗಂಜ್ ಗಡಿ. ಸೀಲ್ ಬಿಚ್ಚುವುದು ಅಲ್ಲಿ.

ಸಿಕ್ಕಿಹಾಕಿಕೊಳ್ಳುವ ಜಾಗಗಳು ಮೂರು. ಕಾಗದದಲ್ಲಿ ತೂಕ ಅಥವಾ ಹೆಸರಿನ ಸಣ್ಣ ವ್ಯತ್ಯಾಸ ಕಂಡರೂ ಬಂದರಿನಲ್ಲೇ ನಿಲ್ಲುತ್ತದೆ. ನಿಂತಷ್ಟು ದಿನ ಬಂದರಿಗೆ ಡೆಮರೇಜ್ ಬೇರೆ, ಹಡಗು ಕಂಪನಿಗೆ ಕಂಟೇನರ್ ಬಾಡಿಗೆ ಬೇರೆ. ಎರಡನೆಯದು ರೈಲು ಬೋಗಿ ಸಿಗದಿರುವುದು. 2021ರವರೆಗೆ ಈ ಕಂಟೇನರ್ ರೈಲುಗಳನ್ನು ಭಾರತ ಸರ್ಕಾರದ ಕಾನ್‌ಕಾರ್ ಕಂಪನಿ ಒಂದೇ ಓಡಿಸುತ್ತಿತ್ತು, ಖಾಸಗಿಯವರಿಗೆ ಅವಕಾಶ ಸಿಕ್ಕಿದ್ದು ಆ ವರ್ಷ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಖಾಲಿ ಕಂಟೇನರನ್ನು ಮತ್ತೆ ಕೋಲ್ಕತ್ತಾಕ್ಕೆ ಮುಟ್ಟಿಸಬೇಕು. ನೇಪಾಳದ ರಫ್ತು ಕಡಿಮೆ, ಹಾಗಾಗಿ ಹೆಚ್ಚಿನವು ಖಾಲಿಯೇ ವಾಪಸು ಹೋಗುತ್ತವೆ. ಎರಡೂ ದಾರಿಯ ಬಾಡಿಗೆ ಒಂದೇ ಸರಕಿನ ಮೇಲೆ ಬೀಳುತ್ತದೆ. ಕಠ್ಮಂಡುವಿನ ಅಂಗಡಿಯ ಬೆಲೆಯಲ್ಲಿ ಅದೂ ಸೇರಿದೆ.

ದಾರಿ ಬಿಡೋದು ಭಾರತದ ಉಪಕಾರನಾ, ನೇಪಾಳದ ಹಕ್ಕಾ?

ಹಕ್ಕೇ, ಆದರೆ ಷರತ್ತಿನ ಹಕ್ಕು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 125ನೇ ವಿಧಿ ಸಮುದ್ರವಿಲ್ಲದ ದೇಶಕ್ಕೆ ದಾರಿಯ ಹಕ್ಕು ಕೊಡುತ್ತದೆ. ಯಾವ ದಾರಿ, ಯಾವ ಕಾಗದ, ಯಾವ ಗೇಟು ಅನ್ನುವುದನ್ನು ಎರಡೂ ದೇಶ ಕೂತು ತೀರ್ಮಾನಿಸಬೇಕು ಅಂತಲೂ ಅದೇ ವಿಧಿ ಹೇಳುತ್ತದೆ. ಆ ತೀರ್ಮಾನವೇ ಸಾಗಣೆ ಒಪ್ಪಂದ. ಅದರ ಅವಧಿ 7 ವರ್ಷ, ಕಡೆಯ ಸಲ ನವೀಕರಣವಾದದ್ದು 2023ರ ಜೂನ್‌ನಲ್ಲಿ. ಹಕ್ಕು ಶಾಶ್ವತ, ಅದನ್ನು ನಡೆಸಿಕೊಡುವ ಕಾಗದಕ್ಕೆ ಮಾತ್ರ ವಾಯಿದೆ ಇದೆ. ರಾಜಕೀಯ ನುಸುಳುವುದು ಈ ಸಂದಿನಲ್ಲಿ.

ಅವರ ಪೆಟ್ರೋಲ್, ಗ್ಯಾಸ್ ಎಲ್ಲ ಇಲ್ಲಿಂದಲೇ ಹೋಗುತ್ತಾ?

ಹೌದು. ನೇಪಾಳ ಆಯಿಲ್ ಕಾರ್ಪೊರೇಶನ್ ಇಂಡಿಯನ್ ಆಯಿಲ್‌ನಿಂದ 5 ವರ್ಷದ ಕರಾರಿನ ಮೇಲೆ ಕೊಳ್ಳುತ್ತದೆ. ಇಂಡಿಯನ್ ಆಯಿಲ್ ತಿಂಗಳಿಗೆ ಎರಡು ಸಲ ಹೊಸ ದರಪಟ್ಟಿ ಕಳಿಸುತ್ತದೆ, ಕಠ್ಮಂಡು ಅದರ ಮೇಲೆ ತೆರಿಗೆ ಹಾಕಿ ಬಂಕ್ ದರ ನಿಗದಿ ಮಾಡುತ್ತದೆ. ಹಣ ಕಟ್ಟುವುದು ಭಾರತದ ರೂಪಾಯಿಯಲ್ಲಿ. 2019ರ ಸೆಪ್ಟೆಂಬರ್ 10ರಂದು ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಕೊಳವೆ ಮಾರ್ಗ ಶುರುವಾಯಿತು. ದೇಶದ ಗಡಿ ದಾಟುವ ತೈಲ ಕೊಳವೆ ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲು.

ಕೊಳವೆಯಿಂದ ಟ್ಯಾಂಕರ್ ಬಾಡಿಗೆ ಉಳಿಯಿತು, ದಾರಿಯಲ್ಲಿ ಕದಿಯುವುದು, ಕಲಬೆರಕೆ ಮಾಡುವುದು ತಪ್ಪಿತು. ಆದರೆ ಟ್ಯಾಂಕರ್ ಬರಲು ಹತ್ತಾರು ಗಡಿ ನಾಕಾಗಳಿದ್ದವು, ಕೊಳವೆಗೆ ಇರುವುದು ಒಂದೇ ವಾಲ್ವ್. ಉಳಿತಾಯಕ್ಕೂ ಹಿಡಿತಕ್ಕೂ ಒಟ್ಟಿಗೇ ಸಹಿ ಬಿದ್ದಿದೆ.

## ಎರಡು ದಿಗ್ಬಂಧನಗಳು

1989ರಲ್ಲಿ ನಿಜವಾಗಿ ಏನಾಯ್ತು?

1989ರ ಮಾರ್ಚ್ 23ರಂದು ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿಯಿತು, ನವೀಕರಣವಾಗಲಿಲ್ಲ. 21 ವ್ಯಾಪಾರ ನಾಕಾಗಳಲ್ಲಿ ಎರಡನ್ನು ಬಿಟ್ಟು, ಅಂದರೆ ರಕ್ಸೌಲ್ ಮತ್ತು ಜೋಗಬನಿ ಬಿಟ್ಟು, ಉಳಿದದ್ದನ್ನು ಭಾರತ ಮುಚ್ಚಿತು. ಕಾಗದದ ಮೇಲೆ ನಡೆಯುತ್ತಿದ್ದ ಜಗಳ ಎರಡೂ ವಿಷಯಕ್ಕೆ ಒಂದೇ ಒಪ್ಪಂದವೋ ಬೇರೆ ಬೇರೆಯೋ ಎಂಬುದು. ಭಾರತಕ್ಕೆ ಒಂದೇ ಬೇಕಿತ್ತು, ನೇಪಾಳಕ್ಕೆ ಎರಡು. ನೇಪಾಳದ ಲೆಕ್ಕ ಸರಿ ಇತ್ತು: ವ್ಯಾಪಾರ ಕೊಡು-ಕೊಳ್ಳುವ ಮಾತು, ಸಾಗಣೆ ಹಕ್ಕಿನ ಮಾತು, ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಹಕ್ಕೂ ಚೌಕಾಸಿಗೆ ಬೀಳುತ್ತದೆ.

ಒಳಗಿನ ಸಿಟ್ಟು ಬೇರೆ. 1988ರಲ್ಲಿ ರಾಜ ಬೀರೇಂದ್ರರ ಸರ್ಕಾರ ಚೀನಾದಿಂದ ವಿಮಾನ ಹೊಡೆಯುವ ಫಿರಂಗಿ ಸೇರಿದಂತೆ ಶಸ್ತ್ರಾಸ್ತ್ರ ಕೊಂಡಿತ್ತು. ಅದು ಎರಡೂ ದೇಶಗಳ ನಡುವಿನ 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ಆಶಯಕ್ಕೆ ವಿರುದ್ಧ ಎಂದು ದೆಹಲಿಯ ವಾದ. ಸೀಮೆಎಣ್ಣೆ ಸಿಗದೆ ಕಠ್ಮಂಡುವಿನ ಜನ ಸೌದೆಗೆ ತಿರುಗಿದರು, ಸುತ್ತಲಿನ ಕಾಡಿಗೆ ಕೊಡಲಿ ಬಿತ್ತು. ಬೆಲೆಯೇರಿಕೆಯ ಸಿಟ್ಟು ಅರಮನೆಯ ವಿರುದ್ಧದ ಜನಾಂದೋಲನಕ್ಕೂ ಕಾವು ಕೊಟ್ಟಿತು. 1990ರ ಏಪ್ರಿಲ್‌ನಲ್ಲಿ ಪಕ್ಷಗಳಿಗೆ ಜಾಗವಿಲ್ಲದ, ರಾಜನ ಹಿಡಿತದ ಪಂಚಾಯತ್ ವ್ಯವಸ್ಥೆ ಬಿದ್ದಿತು, ಹೊಸ ಪ್ರಧಾನಿ ಕೃಷ್ಣ ಪ್ರಸಾದ್ ಭಟ್ಟರಾಯ್ ಜೂನ್‌ನಲ್ಲಿ ದೆಹಲಿಗೆ ಬಂದರು, ಜುಲೈ 1ರಿಂದ ಗಡಿ ಮೊದಲಿನಂತಾಯಿತು. 1991ರ ಡಿಸೆಂಬರ್‌ನಲ್ಲಿ ಸಹಿಯಾದದ್ದು ಮಾತ್ರ ಎರಡು ಬೇರೆ ಬೇರೆ ಒಪ್ಪಂದಗಳಿಗೆ. ಅಷ್ಟು ಸಂಕಟದ ನಂತರ ನೇಪಾಳ ಕೇಳಿದ್ದೇ ಕೈಗೆ ಬಂತು.

2015ರಲ್ಲಿ ಗಡಿ ಮುಚ್ಚಿದ್ದು ಭಾರತನಾ, ಮಧೇಶಿಗಳಾ? ಒಂದೊಂದು ಕಡೆ ಒಂದೊಂದು ಓದ್ತೀವಿ.

ಎರಡೂ ಇತ್ತು. ಒಂದನ್ನಷ್ಟೇ ಹೇಳುವವರು ಅರ್ಧ ಹೇಳುತ್ತಾರೆ.

ಆ ವರ್ಷ ಏಪ್ರಿಲ್ 25ರ ಭೂಕಂಪದಿಂದ ದೇಶ ಇನ್ನೂ ಎದ್ದಿರಲಿಲ್ಲ. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಯಾಯಿತು. ಪ್ರಾಂತಗಳ ಗಡಿ, ಕ್ಷೇತ್ರಗಳ ಲೆಕ್ಕ, ಪೌರತ್ವದ ನಿಯಮಗಳಲ್ಲಿ ತಮಗೆ ಅನ್ಯಾಯವಾಗಿದೆ ಎಂದು ತರಾಯಿಯ, ಅಂದರೆ ಭಾರತದ ಗಡಿಗೆ ಅಂಟಿದ ದಕ್ಷಿಣದ ಬಯಲಿನ, ಮಧೇಶಿ, ಥಾರು ಜನ ಆಗಲೇ ವಾರಗಟ್ಟಲೆ ಬೀದಿಯಲ್ಲಿದ್ದರು, ಹತ್ತಾರು ಜನ ಸತ್ತಿದ್ದರು. ಅವರು ಬೀರ್‌ಗಂಜ್–ರಕ್ಸೌಲ್ ನಡುವಿನ ಮೈತ್ರಿ ಸೇತುವೆಯ ಮೇಲೆ ಧರಣಿ ಕೂತದ್ದು ನಿಜ. ಸಂವಿಧಾನದ ಘೋಷಣೆಗೆ ಒಂದೆರಡು ದಿನ ಮುಂಚೆ ಆಗಿನ ವಿದೇಶಾಂಗ ಕಾರ್ಯದರ್ಶಿ ಎಸ್. ಜೈಶಂಕರ್ ಕಠ್ಮಂಡುವಿಗೆ ಹೋಗಿ ಭಾರತದ ಅಸಮಾಧಾನ ತಿಳಿಸಿ ಬಂದದ್ದೂ ನಿಜ.

ದಿಗ್ಬಂಧನ ಹೇರಿಲ್ಲ, ನೇಪಾಳದೊಳಗಿನ ಗಲಭೆಯಿಂದ ಲಾರಿ ಚಾಲಕರು ಹೆದರಿದ್ದಾರೆ ಎಂಬುದು ಭಾರತ ಸರ್ಕಾರದ ಅಧಿಕೃತ ನಿಲುವು. ಅದು ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ ಧರಣಿಯೇ ಇಲ್ಲದ ನಾಕಾಗಳಲ್ಲೂ ಲಾರಿಗಳು ತೆವಳಿದವು, ತೈಲ ಡಿಪೋಗಳಲ್ಲಿ ಟ್ಯಾಂಕರ್‌ಗಳಿಗೆ ಲೋಡ್ ಸಿಗಲಿಲ್ಲ. ಗೇಟಿಗೆ ಬೀಗ ಹಾಕಬೇಕಿಲ್ಲ, ತಪಾಸಣೆ ನಿಧಾನವಾದರೆ ಸಾಕು. ಆದೇಶದ ಪ್ರತಿ ಯಾರ ಕೈಗೂ ಸಿಗದಂಥ ದಿಗ್ಬಂಧನ ಇದು.

14.2 ಕೆ.ಜಿ. ಸಿಲಿಂಡರ್‌ಗೆ ಅರ್ಧವೇ ಗ್ಯಾಸ್ ತುಂಬಿ ಹಂಚಿದರು. ಆಸ್ಪತ್ರೆಗಳಲ್ಲಿ ಔಷಧಿ ತೀರುತ್ತಾ ಬಂತು. 2016ರ ಜನವರಿಯಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಆಯಿತು. ಫೆಬ್ರುವರಿ ಮೊದಲ ವಾರ ಎರಡೂ ಕಡೆಯ ವ್ಯಾಪಾರಿಗಳು, ಸ್ಥಳೀಯರು ಸೇರಿ ಸೇತುವೆಯ ಮೇಲಿನ ಡೇರೆಗಳನ್ನು ಕಿತ್ತುಹಾಕಿದರು.

ಅಷ್ಟು ಮಾಡಿ ಭಾರತಕ್ಕೆ ಸಿಕ್ಕಿದ್ದೇನು?

ಸಿಕ್ಕಿದ್ದಕ್ಕಿಂತ ಕಳಕೊಂಡದ್ದು ಹೆಚ್ಚು. ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ 2016ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದ ಜತೆ ಸಾಗಣೆ ಒಪ್ಪಂದ ಮಾಡಿಕೊಂಡರು. 2017ರ ಚುನಾವಣೆಯಲ್ಲಿ ರಾಷ್ಟ್ರಾಭಿಮಾನದ ಮಾತನ್ನೇ ಮುಂದಿಟ್ಟು ಅವರ ಎಡಕೂಟ ಗೆದ್ದಿತು. ಮಧೇಶಿಗಳ ಬೇಡಿಕೆಗಳಲ್ಲಿ ಹಲವು ಹಾಗೇ ಉಳಿದವು, ಮೇಲಿಂದ ಭಾರತದ ಏಜೆಂಟರು ಎಂಬ ಹೆಸರೂ ಅಂಟಿತು.

## ರೂಪಾಯಿ, ಎಣ್ಣೆ, ಅಡಿಕೆ, ವಿದ್ಯುತ್

ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ಎಷ್ಟು ವರ್ಷವಾದ್ರೂ ಇದು ಬದಲಾಗಲ್ಲ ಯಾಕೆ?

1993ರ ಫೆಬ್ರುವರಿಯಿಂದ ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ದರವನ್ನು 1.60ಕ್ಕೆ ಕಟ್ಟಿಹಾಕಿದೆ. ತಾನಾಗಿ ನಿಂತಿರುವ ದರ ಅಲ್ಲ ಇದು. ಭಾರತದಿಂದ ಕೊಳ್ಳುವುದು ಹೆಚ್ಚು, ಮಾರುವುದು ಕಡಿಮೆ, ಹಾಗಾಗಿ ಭಾರತದ ರೂಪಾಯಿ ಸದಾ ಸಾಲದು. ರಾಷ್ಟ್ರ ಬ್ಯಾಂಕ್ ತನ್ನ ಡಾಲರ್ ಮಾರಿ ಆ ರೂಪಾಯಿ ಕೊಳ್ಳುತ್ತದೆ. ಡಾಲರ್ ಬರುವುದು ಮುಖ್ಯವಾಗಿ ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುವವರಿಂದ. ಕತಾರ್‌ನಲ್ಲಿ ಸುರಿದ ಬೆವರು ರಕ್ಸೌಲ್‌ನಲ್ಲಿ ಡೀಸೆಲ್ ಆಗುತ್ತದೆ.

ಲಾಭ: ಗಡಿಯ ವ್ಯಾಪಾರಿಗೆ, ಭಾರತದಲ್ಲಿ ದುಡಿಯುವವನಿಗೆ ದರದ ಚಿಂತೆ ಇಲ್ಲ. ನಷ್ಟ: ಭಾರತದ ರೂಪಾಯಿ ಡಾಲರ್ ಎದುರು ಜಾರಿದರೆ ನೇಪಾಳದ್ದೂ ಜೊತೆಗೇ ಜಾರುತ್ತದೆ, ತಪ್ಪು ಯಾರದೇ ಇರಲಿ. ಭಾರತದ ಹಣದುಬ್ಬರವೂ ಹಿಂದೆಯೇ ಬರುತ್ತದೆ. ಡಾಲರ್ ಸಂಗ್ರಹ ಇಳಿದಾಗ ದರ ಬಿಟ್ಟುಕೊಡದೆ ಆಮದನ್ನೇ ತಡೆಯಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಕಾರು, ಮದ್ಯ, ದುಬಾರಿ ಮೊಬೈಲ್‌ಗಳ ಆಮದು ನಿಷೇಧಿಸಿದ್ದು ಇದಕ್ಕೇ. ಡಿಸೆಂಬರ್‌ನಲ್ಲಿ ಅದನ್ನು ತೆಗೆದರು.

ಈ ಗಂಟನ್ನು ಬಿಚ್ಚಿ ಎನ್ನುವವರು ಕಠ್ಮಂಡುವಿನಲ್ಲಿ ಇದ್ದಾರೆ. ರಫ್ತು ಇಷ್ಟು ಸಣ್ಣದಿರುವಾಗ ಬಿಚ್ಚಿದರೆ ಮೊದಲು ಏರುವುದು ಅಕ್ಕಿ, ಔಷಧಿ, ಪೆಟ್ರೋಲಿನ ಬೆಲೆ. ಸದ್ಯಕ್ಕೆ ಕಟ್ಟಿಕೊಂಡಿರುವುದೇ ವಾಸಿ.

ನೇಪಾಳದಲ್ಲಿ ಸೋಯಾಬೀನ್ ಬೆಳೆಯೋದೇ ಅಷ್ಟಕ್ಕಷ್ಟೆ, ನಮಗೆ ಸೋಯಾ ಎಣ್ಣೆ ಮಾರೋದು ಹೇಗೆ?

ಸುಂಕದ ವ್ಯತ್ಯಾಸವೇ ಅಲ್ಲಿನ ಬೆಳೆ. ಅರ್ಜೆಂಟೀನಾದಂಥ ದೇಶಗಳ ಕಚ್ಚಾ ಎಣ್ಣೆ ಕೋಲ್ಕತ್ತಾ ಮೂಲಕ ತರಾಯಿಯ ಕಾರ್ಖಾನೆಗೆ ಹೋಗುತ್ತದೆ, ಶುದ್ಧವಾಗಿ ಸುಂಕವಿಲ್ಲದೆ ಭಾರತಕ್ಕೆ ಬರುತ್ತದೆ. ಭಾರತ 2024ರ ಸೆಪ್ಟೆಂಬರ್‌ನಲ್ಲಿ ರೈತರ ಹಿತಕ್ಕೆಂದು ಶುದ್ಧ ಎಣ್ಣೆಯ ಒಟ್ಟು ಸುಂಕವನ್ನು ಶೇ 35.75ಕ್ಕೆ, ಕಚ್ಚಾ ಎಣ್ಣೆಯದನ್ನು ಶೇ 27.5ಕ್ಕೆ ಏರಿಸಿತು. ನೇಪಾಳಕ್ಕೆ ಮಾತ್ರ ಸೊನ್ನೆ. ಕೆಲವೇ ತಿಂಗಳಲ್ಲಿ ಸೋಯಾ ಎಣ್ಣೆ ನೇಪಾಳದ ರಫ್ತು ಪಟ್ಟಿಯ ತುದಿಗೆ ಹೋಯಿತು. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕವನ್ನು ಭಾರತ ಇಳಿಸಿತು.

ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ಮೂಲದೇಶದ ನಿಯಮದ ಪ್ರಕಾರ ಸರಕಿನ ಮೌಲ್ಯ ನೇಪಾಳದಲ್ಲಿ ಕನಿಷ್ಠ ಶೇ 30 ಹೆಚ್ಚಬೇಕು. ಬರೀ ಶುದ್ಧೀಕರಣದಿಂದ ಅಷ್ಟು ಹೆಚ್ಚುವುದಿಲ್ಲ ಎಂಬುದು ಭಾರತದ ಎಣ್ಣೆ ಉದ್ಯಮಿಗಳ ದೂರು. ಹಳೆಯ ಕತೆಯೇ ಇದು. 2002ರ ವ್ಯಾಪಾರ ಒಪ್ಪಂದದಲ್ಲಿ ನೇಪಾಳದ ವನಸ್ಪತಿಗೆ ವರ್ಷಕ್ಕೆ 1 ಲಕ್ಷ ಟನ್ ಮಿತಿ ಹಾಕಿದ್ದರು. 2020ರ ಜನವರಿಯಲ್ಲಿ ಭಾರತ ಶುದ್ಧ ತಾಳೆ ಎಣ್ಣೆಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಗುರಿ ಇದ್ದದ್ದು ಮಲೇಷ್ಯಾ, ಪೆಟ್ಟು ಬಿದ್ದದ್ದು ನೇಪಾಳದ ತಾಳೆ ಎಣ್ಣೆ ರಫ್ತಿಗೂ. ದೆಹಲಿಯ ಒಂದು ಅಧಿಸೂಚನೆಗೆ ಕುಸಿಯುವ ರಫ್ತನ್ನು ನೆಚ್ಚಿಕೊಂಡು ಬ್ಯಾಂಕ್ ಸಾಲ ತೆಗೆದು ಕಾರ್ಖಾನೆ ಕಟ್ಟುವುದು ಜೂಜು.

ಅಡಿಕೆ ರೇಟ್ ಬಿದ್ದಾಗ ನೇಪಾಳವನ್ನು ಬೈತಾರಲ್ಲ, ಅದರಲ್ಲಿ ಹುರುಳಿದೆಯಾ?

ಇದೆ, ಆದರೆ ಹೇಳುವಷ್ಟಿಲ್ಲ. ವಿದೇಶಿ ಅಡಿಕೆಗೆ ಭಾರತದಲ್ಲಿ ಶೇ 100 ಸುಂಕ, ಜೊತೆಗೆ ಕನಿಷ್ಠ ಆಮದು ಬೆಲೆ 2023ರ ಫೆಬ್ರುವರಿಯಿಂದ ಕೆ.ಜಿ.ಗೆ 351 ರೂ. ಈ ಗೋಡೆ ಎತ್ತರವಾದಷ್ಟೂ ಪಕ್ಕದ ಸಂದಿಗೆ ಬೆಲೆ ಬರುತ್ತದೆ. ಮೂರನೇ ದೇಶದ ಅಡಿಕೆ, ಕಾಳುಮೆಣಸು, ಬಟಾಣಿ ನೇಪಾಳದ ಬಳಕೆಗೆ ಎಂದು ಬಂದು ರಾತ್ರೋರಾತ್ರಿ ತೆರೆದ ಗಡಿ ದಾಟುತ್ತಿದ್ದವು. ಭಾರತದ ಒತ್ತಾಯ, ಡಾಲರ್ ಪೋಲು ಎರಡನ್ನೂ ನೋಡಿ 2020ರಲ್ಲಿ ನೇಪಾಳವೇ ಇವುಗಳ ಆಮದಿಗೆ ತಡೆ ಹಾಕಿತು. ನೇಪಾಳದ ಪೂರ್ವ ತುದಿಯ ಝಾಪಾದಲ್ಲಿ ಅಡಿಕೆ ನಿಜವಾಗಿಯೂ ಬೆಳೆಯುತ್ತದೆ. ಕಳ್ಳಮಾಲಿನ ಅನುಮಾನಕ್ಕೆ ಆ ರೈತರ ಮಾಲೂ ಗಡಿಯಲ್ಲಿ ನಿಲ್ಲುತ್ತದೆ. ಶಿವಮೊಗ್ಗ, ಶಿರಸಿಯ ದರಕ್ಕೆ ಮ್ಯಾನ್ಮಾರ್ ಕಡೆಯ ಕಳ್ಳದಾರಿಯನ್ನೂ ಲೆಕ್ಕ ಹಿಡಿಯಬೇಕು, ಕಠ್ಮಂಡುವನ್ನೊಂದೇ ಬೈದರೆ ಆಗದು.

ಅಷ್ಟು ನದಿಗಳಿವೆ, ವಿದ್ಯುತ್ ಮಾರಿ ಶ್ರೀಮಂತರಾಗಬಹುದಲ್ಲ?

ಮಾರುತ್ತಿದ್ದಾರೆ, ಆದರೆ ಗಿರಾಕಿ ಹೆಚ್ಚೂಕಡಿಮೆ ಒಬ್ಬನೇ. ಭಾರತದ 2018ರ ಗಡಿಯಾಚೆ ವಿದ್ಯುತ್ ಮಾರ್ಗಸೂಚಿ ಮತ್ತು 2021ರ ಕಾರ್ಯವಿಧಾನ ಸೇರಿ ಹೇಳುವುದಿಷ್ಟು: ಭಾರತದೊಂದಿಗೆ ಗಡಿ ಹಂಚಿಕೊಂಡು ವಿದ್ಯುತ್ ಒಪ್ಪಂದವಿಲ್ಲದ ದೇಶದ ಬಂಡವಾಳ ಇರುವ ಸ್ಥಾವರದ ವಿದ್ಯುತ್ ಬೇಡ. ಅಂದರೆ ಚೀನಾ. ಬಂಡವಾಳ ಇರಲಿ, ಗುತ್ತಿಗೆದಾರ ಚೀನಾದವನಾಗಿದ್ದರೂ ಅನುಮತಿ ಸಿಗುವುದಿಲ್ಲ. 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ನೇಪಾಳಿಗಳದೇ ಹಣದಲ್ಲಿ ಎದ್ದದ್ದು, ಕಾಮಗಾರಿ ಚೀನಾ ಕಂಪನಿಯದು. ಆ ಕಾರಣಕ್ಕೇ ಅದರ ವಿದ್ಯುತ್ತಿಗೆ ಬಾಗಿಲು ತೆರೆಯಲಿಲ್ಲ.

ಅನುಮತಿ ಸ್ಥಾವರ ಒಂದೊಂದಕ್ಕೂ ಬೇರೆ ಬೇರೆ. 2021ರ ನವೆಂಬರ್‌ನಲ್ಲಿ ಮೊದಲು ಸಿಕ್ಕಿದ್ದು ಬರೀ 39 ಮೆಗಾವಾಟ್‌ಗೆ: ತ್ರಿಶೂಲಿ 24, ದೇವಿಘಾಟ್ 15, ಎರಡೂ ಭಾರತದ ನೆರವಿನಿಂದ ಕಟ್ಟಿದವು. 2024ರ ಜನವರಿಯಲ್ಲಿ 10 ವರ್ಷದಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದವಾಯಿತು. ಅದೇ ವರ್ಷ ನವೆಂಬರ್ 15ರಂದು ಭಾರತದ ತಂತಿಯ ಮೇಲೆ ಬಾಂಗ್ಲಾದೇಶಕ್ಕೆ 40 ಮೆಗಾವಾಟ್ ಹೋಯಿತು, ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್.

ಇನ್ನೊಂದು ತೊಡಕು ಪ್ರಕೃತಿಯದು. ಹೆಚ್ಚಿನವು ಅಣೆಕಟ್ಟಿಲ್ಲದೆ ಹರಿವ ನೀರಿನಲ್ಲೇ ನಡೆಯುವ ಸ್ಥಾವರಗಳು. ಮಳೆಗಾಲದಲ್ಲಿ ವಿದ್ಯುತ್ ಉಳಿಯುತ್ತದೆ, ಅಗ್ಗಕ್ಕೆ ಮಾರಬೇಕು. ಚಳಿಗಾಲದಲ್ಲಿ ಸಾಲದು, ಭಾರತದಿಂದಲೇ ಕೊಳ್ಳಬೇಕು.

ಬೆಂಗಳೂರಿನ ಹೋಟೆಲು, ಅಪಾರ್ಟ್‌ಮೆಂಟುಗಳಲ್ಲಿ ಇಷ್ಟು ನೇಪಾಳಿಗಳಿದ್ದಾರಲ್ಲ, ವೀಸಾ ಬೇಡ್ವಾ? ದುಡ್ಡು ಹೇಗೆ ಕಳಿಸ್ತಾರೆ?

ವೀಸಾ, ಕೆಲಸದ ಪರವಾನಗಿ ಎರಡೂ ಬೇಡ, 1950ರ ಒಪ್ಪಂದದ 7ನೇ ವಿಧಿ. ಹಣಕ್ಕೆ ರಿಸರ್ವ್ ಬ್ಯಾಂಕಿನ ಭಾರತ–ನೇಪಾಳ ಹಣ ರವಾನೆ ಸೌಲಭ್ಯವಿದೆ. ಖಾತೆಯಿಂದ ಒಂದು ಸಲಕ್ಕೆ 2 ಲಕ್ಷ ರೂ.ವರೆಗೆ ಕಳಿಸಬಹುದು. ಖಾತೆ ಇಲ್ಲದೆ ನಗದು ಕಟ್ಟುವವರಿಗೆ 50,000 ರೂ., ವರ್ಷಕ್ಕೆ 12 ಸಲ. ಇದು ತಿಳಿಯದೆ, ಊರಿಗೆ ಹೋಗುವವರ ಕೈಯಲ್ಲಿ ನಗದು ಕೊಟ್ಟು ಕಳಿಸುವವರೇ ಬಹಳ. 2016ರ ನೋಟು ರದ್ದತಿಯಲ್ಲಿ ಅಂಥ ಮನೆಗಳ ಹಳೆ ನೋಟುಗಳು ಕಾಗದವಾದವು. ಅವನ್ನು ಬದಲಿಸಿಕೊಡುವ ಬಗ್ಗೆ ಎರಡು ಸರ್ಕಾರಗಳ ಮಾತು ದಡ ಸೇರಲೇ ಇಲ್ಲ.

## ಇನ್ನಷ್ಟು ಆಳಕ್ಕೆ

ಚೀನಾ ಇದೆಯಲ್ಲ, ಅತ್ತ ತಿರುಗಿದರೆ ಆಯ್ತಲ್ಲ?

2016ರ ಸಾಗಣೆ ಒಪ್ಪಂದವನ್ನು ಜಾರಿಗೆ ತರುವ 2019ರ ಪೂರಕ ಪತ್ರದಲ್ಲಿ ಚೀನಾ ನಾಲ್ಕು ಬಂದರುಗಳನ್ನು ತೆರೆಯಿತು: ತಿಯಾಂಜಿನ್, ಶೆನ್ಝೆನ್, ಲಿಯಾನ್‌ಯುನ್‌ಗಾಂಗ್, ಝಾನ್‌ಜಿಯಾಂಗ್. ವ್ಯಾಪಾರಿಗಳು ಅತ್ತ ಸುಳಿಯಲಿಲ್ಲ. ಚೀನಾದ್ದೇ ಸರಕು ಕೂಡ ಹೆಚ್ಚಾಗಿ ಹಡಗಿನಲ್ಲಿ ಕೋಲ್ಕತ್ತಾ ಸುತ್ತಿ ಬರುತ್ತದೆ. ಇರುವ ಎರಡು ಮುಖ್ಯ ಭೂದಾರಿಗಳೂ ಕುಸಿಯುವ ಬೆಟ್ಟದ ಕಣಿವೆಗಳಲ್ಲಿವೆ. ತಾತೋಪಾನಿ 2015ರ ಭೂಕಂಪದ ನಂತರ 2019ರವರೆಗೆ ಮುಚ್ಚಿತ್ತು. ರಸುವಾಗಢಿಯ ಸೇತುವೆಯನ್ನು 2025ರ ಜುಲೈ 8ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಕೋವಿಡ್ ವರ್ಷಗಳಲ್ಲಿ ಚೀನಾ ತನ್ನ ಕಡೆಯ ಗೇಟನ್ನು ಮನಬಂದಂತೆ ತೆರೆದು ಮುಚ್ಚಿದಾಗ ದಸೈಂ ಹಬ್ಬಕ್ಕೆ ತರಿಸಿದ ಬಟ್ಟೆ ಟಿಬೆಟ್ ಕಡೆಯಲ್ಲೇ ತಿಂಗಳುಗಟ್ಟಲೆ ಬಿದ್ದಿತ್ತು. ಆಗ ಕಠ್ಮಂಡುವಿನಲ್ಲಿ ದಿಗ್ಬಂಧನ ಎಂದು ಕೂಗಿದವರು ಕಡಿಮೆ.

ಆದರೂ ಬೀಜಿಂಗ್ ಒಪ್ಪಂದ ವ್ಯರ್ಥವಲ್ಲ. ಸರಕು ಬರದಿದ್ದರೂ ದೆಹಲಿಯ ಮೇಜಿನ ಮೇಲೆ ಇಡಲು ಒಂದು ಕಾಗದ ಸಿಕ್ಕಿತು. ವಿಶಾಖಪಟ್ಟಣ ತೆರೆದದ್ದು, ಎರಡು ದಶಕ ಬರೀ ಮಾತಿನಲ್ಲಿದ್ದ ತೈಲ ಕೊಳವೆ ಬೇಗ ಮುಗಿದದ್ದು 2016ರ ನಂತರವೇ.

ಪೋಖರಾ ವಿಮಾನ ನಿಲ್ದಾಣ ಚೀನಾದ ಸಾಲದ ಬಲೆ ಅಂತಾರೆ. ಹೌದಾ?

ಬಲೆ ಅನ್ನುವಷ್ಟು ದೊಡ್ಡ ಸಾಲ ಅಲ್ಲ, ಸುಮಾರು 21.6 ಕೋಟಿ ಡಾಲರ್, ಚೀನಾ ಎಕ್ಸಿಮ್ ಬ್ಯಾಂಕಿನದು. ನೇಪಾಳದ ವಿದೇಶಿ ಸಾಲದ ದೊಡ್ಡ ಪಾಲು ವಿಶ್ವಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೆ ಸೇರಿದ್ದು. ತಪ್ಪಿದ್ದು ಎಷ್ಟು ವಿಮಾನ ಬರುತ್ತವೆ ಎಂಬ ಅಂದಾಜು. 2023ರ ಜನವರಿ 1ರಂದು ಉದ್ಘಾಟನೆಯಾದ ನಿಲ್ದಾಣಕ್ಕೆ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಹೆಸರಿಗಷ್ಟೇ ಬಂದವು, ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಎದ್ದ, ಲುಂಬಿನಿ ಬಳಿಯ ಭೈರಹವಾ ನಿಲ್ದಾಣದ ಪಾಡೂ ಇದೇ. ಪಶ್ಚಿಮದಿಂದ ನೇರ ಬರಲು ಭಾರತದ ವಾಯುಮಾರ್ಗ ಬೇಕು, ನೇಪಾಳ ಕೇಳಿದ ಹೊಸ ಮಾರ್ಗಗಳು ವರ್ಷಗಟ್ಟಲೆ ಬಾಕಿ ಉಳಿದಿವೆ.

ಒಂದು ದೇಶ ಇನ್ನೊಂದನ್ನು ಎಷ್ಟು ನೆಚ್ಚಿಕೊಂಡಿದೆ ಅಂತ ಅಳೆಯೋದು ಹೇಗೆ?

ಒಟ್ಟು ವ್ಯಾಪಾರದ ಶೇಕಡಾವಾರು ಬಿಟ್ಟುಬಿಡಿ. ಒಂದೊಂದು ಸರಕನ್ನೂ ಬೇರೆಯಾಗಿ ತೆಗೆದುಕೊಳ್ಳಿ: ಡೀಸೆಲ್, ಗ್ಯಾಸ್, ಔಷಧಿ, ರಸಗೊಬ್ಬರ. ಕೊಡುವವರು ಎಷ್ಟು ಜನ, ದಾಸ್ತಾನು ಎಷ್ಟು ದಿನಕ್ಕೆ, ಬದಲಿ ದಾರಿಯಲ್ಲಿ ಬೆಲೆ ಎಷ್ಟು ಪಟ್ಟು, ಹಣ ಯಾವ ನಾಣ್ಯದಲ್ಲಿ, ಕರಾರು ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂದು ಬರೆದುಕೊಳ್ಳಿ. 90 ದಿನದ ತೈಲ ದಾಸ್ತಾನು ನೇಪಾಳದ ಹಳೆಯ ಗುರಿ, ಇರುವ ಟ್ಯಾಂಕುಗಳು ಒಂದು ತಿಂಗಳಿಗೂ ಸಾಲವು. ಟ್ಯಾಂಕ್ ಕಟ್ಟುವುದಕ್ಕೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ. 2015ರ ನಂತರವೂ ಅದು ಮುಗಿಯದಿರುವುದಕ್ಕೆ ದೆಹಲಿಯನ್ನು ದೂರುವಂತಿಲ್ಲ.

ಕೆಲಸಕ್ಕೆ ಬಂದ ಬದಲಾವಣೆ ಬೇರೆ ದಿಕ್ಕಿನಿಂದ ಬಂತು. ಪೆಟ್ರೋಲ್ ಕಾರಿಗೆ ಭಾರಿ ತೆರಿಗೆ, ವಿದ್ಯುತ್ ಕಾರಿಗೆ ಕಡಿಮೆ. ಈಗ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಶೇ 70ಕ್ಕೂ ಹೆಚ್ಚು ವಿದ್ಯುತ್ತಿನವು. ಬಹುತೇಕ ಚೀನಾದ ತಯಾರಿ, ಬ್ಯಾಟರಿಗೂ ಬಿಡಿಭಾಗಕ್ಕೂ ಅತ್ತಲೇ ನೋಡಬೇಕು. ಆದರೆ ಬಿಡಿಭಾಗ ಆರು ತಿಂಗಳು ತಡವಾದರೂ ಕಾರು ಓಡುತ್ತಿರುತ್ತದೆ, ಡೀಸೆಲ್ ಒಂದು ವಾರ ನಿಂತರೆ ಬಸ್ಸು ನಿಲ್ಲುತ್ತದೆ.

1950ರ ಒಪ್ಪಂದ ಅಸಮಾನ ಅಂತ ಇಷ್ಟು ಕೂಗಾಡ್ತಾರೆ. ರದ್ದು ಮಾಡೋಕೆ ಆಗಲ್ವಾ?

ಆಗುತ್ತದೆ, ಕಷ್ಟವೇನೂ ಇಲ್ಲ. 10ನೇ ವಿಧಿಯ ಪ್ರಕಾರ ಯಾವ ಕಡೆಯವರಾದರೂ ಒಂದು ವರ್ಷದ ನೋಟಿಸ್ ಕೊಟ್ಟರೆ ಸಾಕು. ಚುನಾವಣೆಗೊಮ್ಮೆ ಅದನ್ನು ಹರಿದುಹಾಕುವ ಮಾತಾಡಿದ ಪಕ್ಷಗಳೇ ಅಧಿಕಾರಕ್ಕೆ ಬಂದಿವೆ, ನೋಟಿಸ್ ಮಾತ್ರ ಯಾರೂ ಕೊಟ್ಟಿಲ್ಲ. ಶಸ್ತ್ರಾಸ್ತ್ರ ಕೊಳ್ಳುವ ಕಟ್ಟು ಹೋಗುವುದರ ಜೊತೆಗೆ 7ನೇ ವಿಧಿಯೂ ಹೋಗುತ್ತದೆ. ಆಗ ಭಾರತದಲ್ಲಿ ದುಡಿಯುವ ಲಕ್ಷಾಂತರ ನೇಪಾಳಿಗಳು ಪರವಾನಗಿ ಹುಡುಕಬೇಕಾಗುತ್ತದೆ. ಪರಿಷ್ಕರಣೆ ಹೇಗಿರಬೇಕು ಎಂದು ಎರಡೂ ದೇಶ 2016ರಲ್ಲಿ ನೇಮಿಸಿದ ಗಣ್ಯರ ಸಮಿತಿ 2018ರಲ್ಲೇ ವರದಿ ಸಿದ್ಧಪಡಿಸಿದೆ. ಅದನ್ನು ಮೊದಲು ಭಾರತದ ಪ್ರಧಾನಿಗೆ ಒಪ್ಪಿಸಬೇಕೆಂದು ಮಾತಾಗಿತ್ತು. ದೆಹಲಿ ದಿನಾಂಕ ಕೊಡಲಿಲ್ಲ, ತಾನೊಂದೇ ಬಿಡುಗಡೆ ಮಾಡುವ ಧೈರ್ಯವನ್ನು ಕಠ್ಮಂಡುವಿನ ಯಾವ ಸರ್ಕಾರವೂ ತೋರಿಸಲಿಲ್ಲ.